ಎರಡು ತಿಂಗಳ ಸಂಬಳ ಕೊಟ್ಟು ಫೋಟೋಗ್ರಫಿ ವರ್ಕ್‌ಶಾಪ್‌ಗೆ ಹೋಗಬೇಕಾ?

ಓದುಗರ ಪ್ರಶ್ನೆ: ಮೂರು ವರ್ಷದಿಂದ ಫೋಟೋ ತೆಗೆಯುತ್ತಿದ್ದೇನೆ. ಪೋರ್ಟ್ರೇಟ್, ಕುಟುಂಬದ ಫೋಟೋ ನನಗಿಷ್ಟ. ಈಗಾಗಲೇ ಎರಡು ವರ್ಕ್‌ಶಾಪ್‌ಗೆ ಹೋಗಿ ಬಂದಿದ್ದೇನೆ. ಅಲ್ಲಿ ತೆಗೆದ ಫೋಟೋ ನೋಡಿ ಇದು ನಾನೇ ತೆಗೆದಿದ್ದಾ ಅನ್ನಿಸಿತು. ವಾಪಸ್ ಬಂದ ಮೇಲೆ ಮತ್ತೆ ಅದೇ ಹಳೇ ಫೋಟೋ. ಯೂಟ್ಯೂಬ್‌ನಲ್ಲಿ ನಾನು ನೋಡದ ವಿಡಿಯೋ ಇಲ್ಲ. ಈಗ ಹೆಸರುವಾಸಿ ಫೋಟೋಗ್ರಾಫರ್ ಒಬ್ಬರು ಮೂರು ದಿನದ ವರ್ಕ್‌ಶಾಪ್ ಮಾಡುತ್ತಿದ್ದಾರೆ. ಲೈಟಿಂಗ್, ಪೋಸಿಂಗ್, ಎಡಿಟಿಂಗ್, ಬಿಸಿನೆಸ್ ಎಲ್ಲಾ ಹೇಳಿಕೊಡ್ತಾರಂತೆ. ಕೊನೆಗೆ ಸರ್ಟಿಫಿಕೇಟ್ ಕೂಡ ಇದೆ. ಶುಲ್ಕ ನನ್ನ ಎರಡು ತಿಂಗಳ ಸಂಬಳ. ಅದೇ ದುಡ್ಡಿಗೆ ಪೋರ್ಟ್ರೇಟ್‌ಗೆ ಹೊಂದುವ ಒಳ್ಳೆಯ 85 ಎಂಎಂ ಲೆನ್ಸ್ ಬರುತ್ತೆ. ಮುಂದಿನ ವರ್ಷ ಕೆಲಸ ಬಿಟ್ಟು ಪೂರ್ತಿ ಇದಕ್ಕೇ ಇಳಿಯಬೇಕು ಅಂತಿದ್ದೇನೆ. ಇಲ್ಲಿತನಕ ದುಡ್ಡು ಕೊಟ್ಟು ಫೋಟೋ ತೆಗೆಸಿಕೊಂಡವರು ನಾಲ್ಕೇ ಜನ, ನಾಲ್ವರೂ ಗೊತ್ತಿರುವವರೇ. ದುಡ್ಡು ಎಲ್ಲಿ ಹಾಕಲಿ? ನನ್ನ ಹನ್ನೆರಡು ಫೋಟೋ ಜೊತೆಗಿಟ್ಟಿದ್ದೇನೆ.

ಉತ್ತರ:

ಫೋಟೋ ಕಳಿಸಿದ್ದು ಒಳ್ಳೆಯದಾಯಿತು. ವರ್ಕ್‌ಶಾಪೋ ಲೆನ್ಸೋ ಅಂತ ಕೇಳಿದ್ದೀರಿ. ಪತ್ರ ಓದಿದರೆ ನಿಮ್ಮನ್ನು ನಿಜವಾಗಿ ಕಾಡುತ್ತಿರುವ ಪ್ರಶ್ನೆ ಬೇರೆ ಅನ್ನಿಸುತ್ತೆ: ಅಲ್ಲಿ ಬಂದಂಥ ಫೋಟೋ ಇಲ್ಲಿ ಯಾಕೆ ಬರುತ್ತಿಲ್ಲ? ಮೊದಲು ಅದನ್ನು ನೋಡೋಣ. ಅದು ಬಗೆಹರಿದರೆ ದುಡ್ಡಿನ ಪ್ರಶ್ನೆ ಅರ್ಧ ಮುಗಿದ ಹಾಗೆ.

ಹನ್ನೆರಡರಲ್ಲಿ ಐದು ವರ್ಕ್‌ಶಾಪ್‌ನವು, ಏಳು ನಿಮ್ಮವು. ನೀವು ಹೇಳದಿದ್ದರೂ ಗೊತ್ತಾಗುತ್ತಿತ್ತು. ಆ ಐದನ್ನೂ ದೊಡ್ಡದು ಮಾಡಿ ಕಣ್ಣುಗಳನ್ನು ನೋಡಿ. ಐದರಲ್ಲೂ ಕಣ್ಣುಗುಡ್ಡೆಯ ಮೇಲೆ, ಎಡಗಡೆ ಮೇಲ್ಭಾಗದಲ್ಲಿ, ಒಂದೇ ಥರದ ಚೌಕಾಕಾರದ ಬಿಳಿ ಮಿಂಚಿದೆ. ಇದನ್ನು ಕ್ಯಾಚ್‌ಲೈಟ್ ಅಂತೀವಿ. ಅಲ್ಲೊಂದು ಸಾಫ್ಟ್‌ಬಾಕ್ಸ್ (ಬೆಳಕನ್ನು ಮೆತ್ತಗೆ ಹರಡುವ ಬಟ್ಟೆಯ ಪೆಟ್ಟಿಗೆ) ಇತ್ತು, ಅದನ್ನು ಯಾರೋ ಎತ್ತರ ನೋಡಿ, ಕೋನ ನೋಡಿ ನಿಲ್ಲಿಸಿದ್ದರು. ಈಗ ಫೈಲ್ ಮಾಹಿತಿ ತೆರೆಯಿರಿ. ಐದಕ್ಕೂ ಶಟರ್ ತೆರೆದಿದ್ದ ಹೊತ್ತು 1/160 ಸೆಕೆಂಡ್, ಲೆನ್ಸಿನ ಬಾಯಿ ಎಫ್ 5.6 (ಅಂಕಿ ಕಡಿಮೆಯಾದಷ್ಟೂ ಬಾಯಿ ಅಗಲ), ಬೆಳಕಿಗೆ ಸ್ಪಂದಿಸುವ ಮಟ್ಟ ಐಎಸ್‌ಒ 100. ಮಾಡೆಲ್ ಬದಲಾಗಿದ್ದಾರೆ, ಸೆಟ್ಟಿಂಗ್ ಬದಲಾಗಿಲ್ಲ. "ಈ ಸೆಟ್ಟಿಂಗ್ ಹಾಕಿಕೊಳ್ಳಿ" ಅಂತ ಒಬ್ಬರು ಹೇಳಿದರು, ಎಲ್ಲರೂ ಹಾಕಿಕೊಂಡರು. ಅಲ್ವಾ?

ನಿಮ್ಮ ಏಳು ಫೋಟೋಗೆ ಬನ್ನಿ. ಮೂರನ್ನು ನಡುಮಧ್ಯಾಹ್ನದ ಬಿಸಿಲಲ್ಲಿ ತೆಗೆದಿದ್ದೀರಿ. ಬೆಳಕು ನೆತ್ತಿಯ ಮೇಲಿಂದ ಬಿದ್ದು ಹುಬ್ಬಿನ ಕೆಳಗೆ ಕತ್ತಲಾಗಿದೆ, ಕಣ್ಣು ಎರಡು ಗುಳಿಯ ಹಾಗೆ ಕಾಣುತ್ತೆ. ಇನ್ನು ಮೂರು ಕೋಣೆಯೊಳಗೆ, ಚಾವಣಿಯ ದೀಪದ ಕೆಳಗೆ. ಅಲ್ಲೂ ಅದೇ ಕಥೆ. ಜೊತೆಗೆ ಶಟರ್ ವೇಗ 1/60 ಸೆಕೆಂಡಿಗೆ ಇಳಿದಿದೆ. ಮಗು ತಲೆ ತಿರುಗಿಸಿದ್ದಕ್ಕೆ ಮುಖ ಕಲಸಿದೆ. ಉಳಿದ ಒಂದರಲ್ಲಿ ಹುಡುಗಿ ಕಿಟಕಿಯ ಕಡೆಗೆ ಮುಖ ಮಾಡಿ ಕೂತಿದ್ದಾಳೆ. ಕಣ್ಣಲ್ಲಿ ಕಿಟಕಿಯ ಚೌಕಟ್ಟೇ ಕಾಣುತ್ತೆ. ಹನ್ನೆರಡರಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಇದೇ, ವರ್ಕ್‌ಶಾಪ್‌ನವನ್ನೂ ಸೇರಿಸಿ ಹೇಳುತ್ತಿದ್ದೇನೆ. ನೀವು ಇದನ್ನು ಕೊನೆಯಲ್ಲಿ ಸುಮ್ನೆ ಸೇರಿಸಿದ ಹಾಗಿದೆ.

ಅಂದರೆ ವರ್ಕ್‌ಶಾಪ್‌ನಲ್ಲಿ ಬೆಳಕು ಎಲ್ಲಿಡಬೇಕು, ಮಾಡೆಲ್ ಎಲ್ಲಿ ನಿಲ್ಲಬೇಕು, ಹಿಂದೆ ಏನಿರಬೇಕು, ಎಕ್ಸ್‌ಪೋಶರ್ (ಕ್ಯಾಮೆರಾದೊಳಗೆ ಬಿಡುವ ಬೆಳಕು) ಎಷ್ಟು, ಎಲ್ಲವನ್ನೂ ಬೇರೆಯವರು ತೀರ್ಮಾನ ಮಾಡಿದ್ದರು. ನಿಮ್ಮ ಪಾಲಿಗೆ ಉಳಿದಿದ್ದು ಬಟನ್ ಒತ್ತುವುದು. ಫಲಿತಾಂಶ ನಿಮ್ಮ ಮೆಮೊರಿ ಕಾರ್ಡ್‌ನಲ್ಲಿ ಬಂತು, ತೀರ್ಮಾನ ಮಾಡುವ ಅಭ್ಯಾಸ ಬರಲಿಲ್ಲ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಬಹಳಷ್ಟು ವರ್ಕ್‌ಶಾಪ್‌ಗಳು ನಡೆಯುವುದೇ ಹೀಗೆ, ಯಾಕಂದರೆ ಒಳ್ಳೆಯ ಫೋಟೋ ಕೈಗೆ ಬಂದವರು ಖುಷಿಯಾಗಿ ಮನೆಗೆ ಹೋಗುತ್ತಾರೆ. ಬೆಳಕು ನೀವೇ ಇಟ್ಟು, ಐವತ್ತು ಸಲ ಕೆಡಿಸಿ, ಯಾಕೆ ಕೆಟ್ಟಿತು ಅಂತ ಚರ್ಚೆ ಮಾಡಿದರೆ ಕಲಿಕೆ ಜಾಸ್ತಿ. ಆದರೆ ಸಂಜೆ ಹಂಚಿಕೊಳ್ಳಲು ಚೆಂದದ ಫೋಟೋ ಇರಲ್ಲ, ಮುಂದಿನ ಬ್ಯಾಚ್ ತುಂಬಲ್ಲ.

ಈಗ ನಿಮ್ಮ ಪತ್ರದಲ್ಲಿ ಅಡಗಿರುವ ನಂಬಿಕೆಗಳ ಬಗ್ಗೆ. ಒಳ್ಳೆಯ ಲೆನ್ಸ್ ಬಂದರೆ ಫೋಟೋ ಸುಧಾರಿಸುತ್ತೆ ಅನ್ನುವುದು ಪೂರ್ತಿ ಸುಳ್ಳಲ್ಲ. 85 ಎಂಎಂ ಎಫ್ 1.8 ಲೆನ್ಸ್ ಹಿನ್ನೆಲೆಯನ್ನು ಚೆನ್ನಾಗಿ ಮಸುಕು ಮಾಡುತ್ತೆ, ಕಡಿಮೆ ಬೆಳಕಲ್ಲಿ ಶಟರ್ ವೇಗ ಏರಿಸಲು ಬಿಡುತ್ತೆ. ಆದರೆ ಹುಬ್ಬಿನ ಕೆಳಗಿನ ಕತ್ತಲೆಯನ್ನು ಯಾವ ಲೆನ್ಸೂ ತೆಗೆಯಲ್ಲ. ನಿಮ್ಮ ಏಳರಲ್ಲಿ ಆರು ಫೋಟೋಗಳ ಸಮಸ್ಯೆ ಅದೇ.

ಸರ್ಟಿಫಿಕೇಟ್ ವಿಷಯ ಬೇಗ ಮುಗಿಸುತ್ತೇನೆ. ಈ ವೃತ್ತಿಯಲ್ಲಿ ಗಿರಾಕಿಗಳು ಅದನ್ನು ಕೇಳಿದ್ದು ನಾನು ಕಂಡಿಲ್ಲ. ಅವರು ನೋಡುವುದು ಫೋಟೋ, ಕೇಳುವುದು ಮೊದಲು ನಿಮ್ಮಿಂದ ತೆಗೆಸಿಕೊಂಡವರನ್ನು.

ಜಾಸ್ತಿ ದುಡ್ಡಿದ್ದರೆ ಒಳ್ಳೆಯ ವರ್ಕ್‌ಶಾಪ್ ಅನ್ನುವುದು ಇನ್ನೊಂದು ನಂಬಿಕೆ. ಪತ್ರಿಕಾ ಛಾಯಾಗ್ರಾಹಕ ಎಡ್ಡಿ ಆಡಮ್ಸ್ 1988ರಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ತೋಟದಲ್ಲಿ ಶುರು ಮಾಡಿದ ವರ್ಕ್‌ಶಾಪ್‌ಗೆ ಕಲಿಕಾ ಶುಲ್ಕವೇ ಇಲ್ಲ. ಪೋರ್ಟ್‌ಫೋಲಿಯೋ (ತಾವು ತೆಗೆದ ಆಯ್ದ ಫೋಟೋಗಳ ಸಂಗ್ರಹ) ನೋಡಿ ನೂರು ಮಂದಿಯನ್ನು ಆರಿಸುತ್ತಾರೆ. ಪತ್ರಿಕಾ ಛಾಯಾಗ್ರಹಣದಲ್ಲಿ ಅದಕ್ಕಿರುವ ಮರ್ಯಾದೆ ದೊಡ್ಡದು. ಹೋಗುವವರು ತಮ್ಮದೇ ಕೆಲಸ ಹಿಡಿದುಕೊಂಡು ಹೋಗುತ್ತಾರೆ. ಅನುಭವಿ ಸಂಪಾದಕರು ಅದನ್ನು ನೋಡಿ ಮುಲಾಜಿಲ್ಲದೆ ಮಾತಾಡುತ್ತಾರೆ. ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ: ವರ್ಕ್‌ಶಾಪ್‌ನಲ್ಲಿ ದುಡ್ಡು ಕೊಟ್ಟು ಕೊಳ್ಳುವಂಥದ್ದು ಏನಾದರೂ ಇದ್ದರೆ ಅದು ನಿಮ್ಮ ತೀರ್ಮಾನಗಳನ್ನು ನೋಡಿ, ಎಲ್ಲಿ ತಪ್ಪಿತು ಅಂತ ಹೇಳುವ ಒಂದು ಜೊತೆ ಅನುಭವದ ಕಣ್ಣು. ಉಳಿದಿದ್ದು ಬಹುಪಾಲು ಪುಕ್ಕಟೆ ಸಿಗುತ್ತೆ.

ಹಾಗಾಗಿ ಆ ಮೂರು ದಿನದ ವರ್ಕ್‌ಶಾಪ್‌ನವರಿಗೆ ಒಂದು ಮೇಲ್ ಹಾಕಿ ಕೇಳಿ. ಒಟ್ಟು ಎಷ್ಟು ಜನ, ಎಷ್ಟು ಕಲಿಸುವವರು? ನಾನು ಮೊದಲೇ ತೆಗೆದ ಫೋಟೋಗಳನ್ನು ಯಾರಾದರೂ ಕೂತು ನೋಡುತ್ತಾರಾ, ಎಷ್ಟು ಹೊತ್ತು? ಬೆಳಕನ್ನು ನಾನೇ ಇಡಲು ಬಿಡುತ್ತಾರಾ? ಅಲ್ಲಿ ತೆಗೆದದ್ದನ್ನು ನನ್ನ ಪೋರ್ಟ್‌ಫೋಲಿಯೋದಲ್ಲಿ ಹಾಕಲು ಮಾಡೆಲ್‌ಗಳ ಲಿಖಿತ ಒಪ್ಪಿಗೆ ಇದೆಯಾ? ಬರಲು ಆಗದಿದ್ದರೆ ದುಡ್ಡು ವಾಪಸ್ ಬರುತ್ತಾ? ಉತ್ತರ ಸ್ಪಷ್ಟವಾಗಿ ಬಂದರೆ ಯೋಚಿಸಿ. "ಬನ್ನಿ, ಎಲ್ಲಾ ಅಲ್ಲೇ ಗೊತ್ತಾಗುತ್ತೆ" ಅಂದರೆ ಬಿಟ್ಟುಬಿಡಿ. ನಲವತ್ತು ಜನಕ್ಕೆ ಒಬ್ಬರೇ ಗುರು ಇದ್ದರೆ ಅದು ಪ್ರದರ್ಶನ. ಅಂಥದ್ದನ್ನು ವಿಡಿಯೋದಲ್ಲಿ ಇನ್ನೂ ಹತ್ತಿರದಿಂದ ನೋಡಬಹುದು, ನಿಲ್ಲಿಸಿ ನಿಲ್ಲಿಸಿ ನೋಡಬಹುದು.

ಮೂರು ದಿನದಲ್ಲಿ ಲೈಟಿಂಗ್, ಪೋಸಿಂಗ್, ಎಡಿಟಿಂಗ್, ಬಿಸಿನೆಸ್ ನಾಲ್ಕೂ ಅಂದಾಗಲೇ ನನಗೆ ಅನುಮಾನ ಬರುತ್ತೆ. ಬರೀ ಲೈಟಿಂಗ್‌ಗೇ ಮೂರು ದಿನ ಸಾಲಲ್ಲ. ಇನ್ನೊಂದು ಸೂಕ್ಷ್ಮ ಇದೆ. ಕಲಿಸುವವರ ಆದಾಯ ಈಗ ಎಲ್ಲಿಂದ ಬರುತ್ತಿದೆ ಅಂತ ನೋಡಿ. ಕೆಲವರಿಗೆ ವರ್ಷಗಳಿಂದ ವರ್ಕ್‌ಶಾಪೇ ಜೀವನ. ಅವರು ಒಳ್ಳೆಯ ಮೇಷ್ಟ್ರು ಆಗಿರಬಹುದು, ಲೈಟಿಂಗ್ ಚೆನ್ನಾಗಿ ಕಲಿಸಬಹುದು. ಆದರೆ ಗಿರಾಕಿಗಳನ್ನು ಹುಡುಕುವ ದಾರಿ ಹೇಳಿಕೊಡುತ್ತೇನೆ ಅಂದರೆ, ಅವರು ಕಡೆಯ ಸಲ ಗಿರಾಕಿ ಹುಡುಕಿದ್ದು ಯಾವಾಗ ಅಂತ ಕೇಳುವುದು ನ್ಯಾಯ.

ವಿಡಿಯೋಗಳನ್ನು ನೋಡಿದ್ದು ವ್ಯರ್ಥ ಅಂತ ನಾನು ಹೇಳಲ್ಲ. ನೋಡುವ ಕ್ರಮ ತಪ್ಪಿರಬಹುದು. ಸಿಕ್ಕಿದ್ದೆಲ್ಲಾ ನೋಡುವ ಬದಲು ಒಂದು ಕ್ರಮವಾದ ಪಾಠ ಹಿಡಿಯಿರಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಿದ್ದ ಮಾರ್ಕ್ ಲೆವಾಯ್ ಅವರ ಡಿಜಿಟಲ್ ಫೋಟೋಗ್ರಫಿ ಉಪನ್ಯಾಸಗಳು ಯೂಟ್ಯೂಬ್‌ನಲ್ಲೇ ಪುಕ್ಕಟೆ ಇವೆ. ಲೆನ್ಸ್, ಸೆನ್ಸರ್, ಬೆಳಕು, ಬಣ್ಣ ಎಲ್ಲದರ ಬುಡ ಅಲ್ಲಿದೆ. ಫ್ಲ್ಯಾಶ್ ಕಲಿಯಲು ಫೋಟೋಗ್ರಾಫರ್ ಡೇವಿಡ್ ಹಾಬಿ 2006ರಲ್ಲಿ ಶುರು ಮಾಡಿದ ಸ್ಟ್ರೋಬಿಸ್ಟ್ ಬ್ಲಾಗ್‌ನ ಪಾಠಗಳಿವೆ. ಒಂದೇ ಸಣ್ಣ ಫ್ಲ್ಯಾಶ್‌ನಿಂದ ಶುರುವಾಗುತ್ತವೆ, ಮನೆಪಾಠವೂ ಇದೆ. ಎಡಿಟಿಂಗ್‌ಗೆ ಡಾರ್ಕ್‌ಟೇಬಲ್, ರಾಥೆರಪಿ ಎರಡೂ ಉಚಿತ ತಂತ್ರಾಂಶಗಳು, ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಫೋಟೋ) ತೆರೆಯುತ್ತವೆ. ಕಲಿಯಲು ಸ್ವಲ್ಪ ತಿಣುಕಬೇಕು, ಅಷ್ಟೆ.

ಇದಕ್ಕಿಂತ ದೊಡ್ಡ ಖಜಾನೆಯೊಂದಿದೆ, ಜನ ಅದರ ಕಡೆ ಹೋಗುವುದೇ ಕಡಿಮೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1930, 40ರ ದಶಕಗಳ ಸರ್ಕಾರಿ ಛಾಯಾಚಿತ್ರ ಯೋಜನೆಯ ಲಕ್ಷಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಅಂತರ್ಜಾಲದಲ್ಲಿಟ್ಟಿದೆ. ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೆಗೆದ ವಲಸೆ ತಾಯಿಯ ಫೋಟೋ ನೀವು ನೋಡಿಯೇ ಇರುತ್ತೀರಿ. ಅಲ್ಲಿ ಆ ಒಂದೇ ಅಲ್ಲ, ಅದೇ ಹೊತ್ತಿನಲ್ಲಿ ತೆಗೆದ ಇನ್ನೂ ಕೆಲವು ಇವೆ. ಒಂದರಲ್ಲಿ ಇಡೀ ಡೇರೆ ಕಾಣುತ್ತೆ, ಸುತ್ತಲಿನ ಸಾಮಾನೂ ಕಾಣುತ್ತೆ. ಇನ್ನೊಂದರಲ್ಲಿ ಹತ್ತಿರ. ನಮಗೆ ಗೊತ್ತಿರುವುದರಲ್ಲಿ ಮಕ್ಕಳ ಮುಖ ಆಚೆ ತಿರುಗಿದೆ, ತಾಯಿಯ ಮುಖ, ಕೆನ್ನೆಗೆ ತಾಗಿದ ಕೈ ಅಷ್ಟೇ ಉಳಿದಿದೆ. ಅವುಗಳನ್ನು ಅಕ್ಕಪಕ್ಕ ಇಟ್ಟು, ಒಂದೊಂದು ಹೆಜ್ಜೆಗೆ ಚೌಕಟ್ಟಿನಿಂದ ಏನು ಹೊರಗೆ ಹೋಯಿತು ಅಂತ ಬರೆದುಕೊಳ್ಳಿ. ಇಂಥ ಪಾಠ ನಾನು ಕಂಡ ಎಷ್ಟೋ ದುಬಾರಿ ವರ್ಕ್‌ಶಾಪ್‌ಗಳಲ್ಲಿ ಸಿಗಲ್ಲ.

ನಿಮ್ಮ ನಿರ್ದಿಷ್ಟ ತೊಂದರೆಗೆ ಒಂದು ಅಭ್ಯಾಸ ಹೇಳುತ್ತೇನೆ. ರಾತ್ರಿ ಕೋಣೆಯ ದೀಪಗಳನ್ನೆಲ್ಲಾ ಆರಿಸಿ, ಒಂದೇ ಬಲ್ಬ್ ಇಟ್ಟುಕೊಳ್ಳಿ. ಗೋಡೆಯಿಂದ ಒಂದು ಮೀಟರ್ ಮುಂದೆ ಒಬ್ಬರನ್ನು ಕೂರಿಸಿ. ಬಲ್ಬ್ ಅವರ ಮುಖದಿಂದ ಒಂದು ಮೀಟರ್ ಮುಂದೆ ಇರಲಿ. ಆಗ ಬಲ್ಬಿಗೂ ಗೋಡೆಗೂ ಎರಡು ಮೀಟರ್. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತೆ, ಅಂದರೆ ಎರಡು ಸ್ಟಾಪ್ (ಬೆಳಕು ಅರ್ಧಕ್ಕೆ ಇಳಿದರೆ ಒಂದು ಸ್ಟಾಪ್). ಮುಖಕ್ಕೆ ಸರಿಯಾಗಿ ಎಕ್ಸ್‌ಪೋಸ್ ಮಾಡಿದರೆ ಗೋಡೆ ಮಂಕಾಗಿ ಹಿಂದೆ ಸರಿದ ಹಾಗೆ ಕಾಣುತ್ತೆ. ಈಗ ಮುಖದಿಂದ ನಾಲ್ಕು ಮೀಟರ್ ದೂರಕ್ಕೆ ಬಲ್ಬ್ ಒಯ್ಯಿರಿ. ಗೋಡೆಗೆ ಐದು ಮೀಟರ್. ಮುಖಕ್ಕೆ ಬೀಳುವ ಬೆಳಕಿನ ಸುಮಾರು ಮೂರರಲ್ಲಿ ಎರಡು ಭಾಗ ಗೋಡೆಗೂ ಬೀಳುತ್ತೆ. ಅದೇ ಗೋಡೆ, ಅದೇ ಬಲ್ಬ್, ಫೋಟೋ ಮಾತ್ರ ಬೇರೆಯೇ. ಕೋಣೆಯ ಗೋಡೆ ಬಿಳಿಯಿದ್ದರೆ ಬೆಳಕು ಪುಟಿದು ಲೆಕ್ಕ ಅಷ್ಟು ಕರಾರುವಾಕ್ ಬರಲ್ಲ, ಪರವಾಗಿಲ್ಲ. ಆಮೇಲೆ ಬಲ್ಬನ್ನು ನೆತ್ತಿಯ ಮೇಲೆ ಹಿಡಿಯಿರಿ. ನಿಮ್ಮ ಬಿಸಿಲಿನ ಫೋಟೋದ ಕಣ್ಣು ಅಲ್ಲಿ ಬರುತ್ತೆ. ನಿಧಾನಕ್ಕೆ ಮುಂದಕ್ಕೆ, ಕೆಳಕ್ಕೆ ತನ್ನಿ. ಕಣ್ಣಲ್ಲಿ ಮಿಂಚು ಮೂಡುವ ಜಾಗ ಸಿಗುತ್ತೆ. ಹಗಲಲ್ಲಿ ಕಿಟಕಿಯೇ ನಿಮ್ಮ ಬಲ್ಬ್, ಅದನ್ನು ಸರಿಸಲು ಆಗಲ್ಲ, ಹಾಗಾಗಿ ಮನುಷ್ಯರನ್ನು ಸರಿಸಿ. ಕೆಲವು ವಾರ ಇದನ್ನೇ ಮಾಡಿ. ಆಮೇಲೂ ಎಲ್ಲೋ ಸಿಕ್ಕಿಹಾಕಿಕೊಂಡಿದ್ದೇನೆ ಅನ್ನಿಸಿದರೆ, ಆ ಒಂದು ವಿಷಯಕ್ಕೆ ಮಾತ್ರ ಸರಿಹೊಂದುವ ಸಣ್ಣ ವರ್ಕ್‌ಶಾಪ್ ಹುಡುಕಿ. ಒಂದು ಗಂಟೆ ದುಡ್ಡು ಕೊಟ್ಟು ಒಬ್ಬ ಒಳ್ಳೆಯ ಫೋಟೋಗ್ರಾಫರ್ ಹತ್ತಿರ ಪೋರ್ಟ್‌ಫೋಲಿಯೋ ತೋರಿಸಿದರೂ ಆದೀತು. ಎರಡು ತಿಂಗಳ ಸಂಬಳಕ್ಕಿಂತ ಅದು ಎಷ್ಟೋ ಅಗ್ಗ.

ಬಿಸಿನೆಸ್ ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಕೆಲಸ ಈಗಲೇ ಬಿಡಬೇಡಿ. ಗೊತ್ತಿರುವ ನಾಲ್ಕು ಜನ ಕೊಟ್ಟ ದುಡ್ಡಿನಲ್ಲಿ ನಿಮ್ಮ ಮೇಲಿನ ಪ್ರೀತಿಯೂ ಸೇರಿದೆ. ಮಾರುಕಟ್ಟೆ ಏನು ಹೇಳುತ್ತೆ ಅಂತ ಅದರಿಂದ ಗೊತ್ತಾಗಲ್ಲ. ನಿಮ್ಮನ್ನು ಕಂಡೇ ಇಲ್ಲದವರು ಪೂರ್ತಿ ದರ ಕೊಟ್ಟು ಬರಬೇಕು, ಅವರಲ್ಲಿ ಕೆಲವರು ಇನ್ನೊಬ್ಬರನ್ನು ಕಳಿಸಬೇಕು. ಅದು ತಿಂಗಳುಗಟ್ಟಲೆ ನಡೆದರೆ ಆಗ ಮಾತಾಡೋಣ.

ದರ ಎಷ್ಟಿಡಬೇಕು ಅನ್ನುವುದಕ್ಕೆ ಪಕ್ಕದವರ ದರ ನೋಡುವುದು ಎಲ್ಲರೂ ಮಾಡುವ ಕೆಲಸ. ಪಕ್ಕದವರು ನಷ್ಟದಲ್ಲಿದ್ದಾರೋ ಏನೋ, ನಿಮಗೇನು ಗೊತ್ತು? ನಿಮ್ಮ ಲೆಕ್ಕ ನೀವೇ ಮಾಡಿ. ಲೆಕ್ಕ ಸುಲಭವಾಗಲಿ ಅಂತ ವರ್ಷಕ್ಕೆ ಮನೆ ನಡೆಯಲು ಬೇಕಾದ ದುಡ್ಡನ್ನು 100 ಅಂದುಕೊಳ್ಳಿ, ಉಳಿದ ಅಂಕಿಗಳೂ ಅದೇ ಅಳತೆಯಲ್ಲಿ. ಕ್ಯಾಮೆರಾ ಸವೆತ, ರಿಪೇರಿ, ವಿಮೆ, ತಂತ್ರಾಂಶ, ಓಡಾಟ ಸೇರಿ 50. ತೆರಿಗೆ ಮತ್ತು ಉಳಿತಾಯಕ್ಕೆ 30. ಒಟ್ಟು 180. ವರ್ಷಕ್ಕೆ 45 ಕೆಲಸ ಸಿಗಬಹುದು ಅಂದರೆ ಒಂದು ಕೆಲಸಕ್ಕೆ 4 ಬರಬೇಕು. ನೀವು ನಾಚಿಕೆಪಟ್ಟು 2 ಇಟ್ಟರೆ ಬರುವುದು 90. ಖರ್ಚಿನ 50 ಕಳೆದರೆ ತೆರಿಗೆಗೂ ಮುಂಚೆ ಮನೆಗೆ 40. ಇಷ್ಟು ಗೊತ್ತಿಲ್ಲದೆ ಒಳ್ಳೊಳ್ಳೆ ಫೋಟೋಗ್ರಾಫರ್‌ಗಳು ಅಂಗಡಿ ಮುಚ್ಚಿದ್ದನ್ನು ನೋಡಿದ್ದೇನೆ. ಇನ್ನು ಸಮಯ. ಒಂದು ಗಂಟೆಯ ಫ್ಯಾಮಿಲಿ ಶೂಟ್ ಅಂದರೆ ಮಾತುಕತೆ, ತಯಾರಿ, ಓಡಾಟ, ಬ್ಯಾಕಪ್, ಆಯ್ಕೆ, ಎಡಿಟಿಂಗ್, ತಲುಪಿಸುವುದು ಎಲ್ಲಾ ಸೇರಿ ಒಂದು ಪೂರ್ತಿ ದಿನ ಹೋಗಬಹುದು. ಮುಂದಿನ ಕೆಲಸದಲ್ಲಿ ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ.

ಬಿಸಿನೆಸ್ ಕಲಿಯಲು ನಾನು ಕಂಡ ಒಳ್ಳೆಯ ದಾರಿ ಅಸಿಸ್ಟೆಂಟ್ ಆಗಿ ಹೋಗುವುದು. ನಿಮ್ಮ ರಜಾ ದಿನಗಳಲ್ಲಿ, ನೀವು ಇಷ್ಟಪಡುವ ಥರದ ಕೆಲಸ ಮಾಡುವವರ ಜೊತೆ. ಗಿರಾಕಿ ತಡವಾಗಿ ಬಂದಾಗ ಏನು ಮಾಡುತ್ತಾರೆ, ಮಗು ಅಳಲು ಶುರು ಮಾಡಿದಾಗ ಕ್ಯಾಮೆರಾ ಕೆಳಗಿಟ್ಟು ಎಷ್ಟು ಹೊತ್ತು ಸುಮ್ಮನಿರುತ್ತಾರೆ, "ಸ್ವಲ್ಪ ಕಡಿಮೆ ಮಾಡಿ" ಅಂದಾಗ ಹೇಗೆ ಉತ್ತರ ಕೊಡುತ್ತಾರೆ. ಇದನ್ನು ಸ್ಲೈಡ್ ಹಾಕಿ ಕಲಿಸಲು ಆಗಲ್ಲ. ಅಪಾಯವೂ ಇದೆ. ಕೆಲವರು ಕಲಿಸುವ ನೆಪದಲ್ಲಿ ತಿಂಗಳುಗಟ್ಟಲೆ ಬಿಟ್ಟಿ ದುಡಿಸಿಕೊಳ್ಳುತ್ತಾರೆ. ಸಂಭಾವನೆ ಎಷ್ಟು, ನೀವು ತೆಗೆದ ಫೋಟೋ ನಿಮ್ಮ ಪೋರ್ಟ್‌ಫೋಲಿಯೋದಲ್ಲಿ ಹಾಕಬಹುದಾ, ಎರಡನ್ನೂ ಮೊದಲ ದಿನವೇ ಬರಹದಲ್ಲಿ ಕೇಳಿ. ಅಲ್ಲಿನ ಗಿರಾಕಿಗಳಿಗೆ ನಿಮ್ಮ ವಿಸಿಟಿಂಗ್ ಕಾರ್ಡ್ ಹಂಚಬೇಡಿ. ಆಮೇಲೆ ಯಾರೂ ಕರೆಯಲ್ಲ.

ಪೋರ್ಟ್‌ಫೋಲಿಯೋದಿಂದ ವರ್ಕ್‌ಶಾಪ್‌ನ ಆ ಐದು ಫೋಟೋ ತೆಗೆದುಬಿಡಿ. ಅದೇ ಮಾಡೆಲ್, ಅದೇ ಬಟ್ಟೆ, ಅದೇ ಬೆಳಕು ಇರುವ ಫೋಟೋ ಆ ಬ್ಯಾಚ್‌ನ ಎಲ್ಲರ ಹತ್ತಿರವೂ ಇದೆ. ಅದನ್ನು ನೋಡಿ ಬಂದ ಗಿರಾಕಿ ಅಂಥದ್ದೇ ಬೇಕು ಅಂತಾರೆ. ಅವರ ಮನೆಯ ಚಾವಣಿ ದೀಪದ ಕೆಳಗೆ ನೀವು ಏನು ಮಾಡುತ್ತೀರಿ? ಇಡಲೇಬೇಕು ಅಂದರೆ ವರ್ಕ್‌ಶಾಪ್‌ನಲ್ಲಿ ತೆಗೆದದ್ದು ಅಂತ ಬರೆಯಿರಿ. ಕಿಟಕಿಯ ಹುಡುಗಿಯ ಫೋಟೋ ಮೊದಲು ಬರಲಿ. ಅಂಥ ಹದಿನೈದು ಫೋಟೋ ಆದರೆ ಸಾಕು, ಐವತ್ತು ಬೇಡ. ಮನೆಯವರ ಒಪ್ಪಿಗೆಯನ್ನು ಬರಹದಲ್ಲಿ ತಗೊಳ್ಳಿ, ಮಕ್ಕಳ ಫೋಟೋಗಂತೂ ತಂದೆತಾಯಿಯ ಸಹಿ ಬೇಕೇ ಬೇಕು.

ಒಪ್ಪಂದಪತ್ರ ಇಲ್ಲದೆ ಮುಂದಿನ ಕೆಲಸ ಒಪ್ಪಬೇಡಿ, ಗೊತ್ತಿರುವವರಾದರೂ ಸರಿ. ಒಂದೇ ಪುಟ ಇರಲಿ: ಎಷ್ಟು ಫೋಟೋ, ಯಾವಾಗ ಕೊಡುತ್ತೀರಿ, ಮುಂಗಡ ಎಷ್ಟು, ರದ್ದಾದರೆ ಏನು, ಫೋಟೋ ಎಲ್ಲೆಲ್ಲಿ ಬಳಸಬಹುದು. ಕಾಪಿರೈಟ್ ಬಗೆಗಿನ ಅಂತರರಾಷ್ಟ್ರೀಯ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಕಾಪಿರೈಟ್ ಹುಟ್ಟಲು ನೋಂದಣಿ ಬೇಕಿಲ್ಲ, ಆದರೆ ದುಡ್ಡು ಕೊಟ್ಟು ತೆಗೆಸಿದ ಫೋಟೋದ ಹಕ್ಕು ಯಾರದು ಅನ್ನುವ ಕಾನೂನು ದೇಶದಿಂದ ದೇಶಕ್ಕೆ ಬದಲಾಗುತ್ತೆ. ಒಂದು ಸಲ ವಕೀಲರಿಗೆ ತೋರಿಸಿಕೊಂಡರೆ ವರ್ಷಗಟ್ಟಲೆ ಅದೇ ನಮೂನೆ ನಡೆಯುತ್ತೆ. ಹಾಗೇ ಬ್ಯಾಕಪ್: ಮೂರು ಪ್ರತಿ, ಎರಡು ಬೇರೆ ಥರದ ಸಂಗ್ರಹದಲ್ಲಿ, ಒಂದು ಬೇರೆ ಜಾಗದಲ್ಲಿ. ಈ 3-2-1 ನಿಯಮವನ್ನು ಹೆಸರಿಸಿ ಹರಡಿದವರು ಪೀಟರ್ ಕ್ರೋ ಎಂಬ ಫೋಟೋಗ್ರಾಫರೇ. ಈಗ ಕಂಪ್ಯೂಟರ್ ಲೋಕವೆಲ್ಲಾ ಅದನ್ನು ಪಾಲಿಸುತ್ತೆ.

ದುಡ್ಡು ಎಲ್ಲಿ ಹಾಕಲಿ ಅಂದಿರಲ್ಲ. ಎರಡು ತಿಂಗಳ ಸಂಬಳದಲ್ಲಿ ಸಣ್ಣ ಪಾಲು ಒಂದು ಫ್ಲ್ಯಾಶ್, ಸ್ಟ್ಯಾಂಡ್, ಬಿಳಿ ಛತ್ರಿಗೆ ಹಾಕಿ. ಇನ್ನೊಂದು ಪಾಲು ಪೋರ್ಟ್‌ಫೋಲಿಯೋ ತೋರಿಸಲು, ಬ್ಯಾಕಪ್ ಡಿಸ್ಕ್‌ಗೆ, ವಕೀಲರಿಗೆ. ಉಳಿದದ್ದು ಬ್ಯಾಂಕ್‌ನಲ್ಲಿರಲಿ, ಕೆಲಸ ಬಿಡುವ ದಿನ ಬಂದರೆ ಆಗ ಬೇಕಾಗುತ್ತೆ. 85 ಎಂಎಂ ಲೆನ್ಸನ್ನು ಮೊದಲು ಬಾಡಿಗೆಗೆ ತಗೊಳ್ಳಿ. ಸಣ್ಣ ಕೋಣೆಯಲ್ಲಿ ಇಡೀ ಕುಟುಂಬವನ್ನು ಅದರಲ್ಲಿ ಹಿಡಿಸಲು ಹೊರಟರೆ ಬೆನ್ನು ಗೋಡೆಗೆ ತಾಗುತ್ತೆ. ನಿಮ್ಮ ಕೆಲಸಕ್ಕೆ ಇನ್ನೂ ಅಗಲಕ್ಕೆ ಹಿಡಿಯುವ 35 ಎಂಎಂ ಲೆನ್ಸ್ ಜಾಸ್ತಿ ಉಪಯೋಗಕ್ಕೆ ಬರಬಹುದು ಅನ್ನುವುದು ನನ್ನ ಅಂದಾಜು. ಎರಡನ್ನೂ ಒಂದೊಂದು ವಾರಾಂತ್ಯ ಬಾಡಿಗೆಗೆ ತಂದು, ಒಂದೇ ಕುಟುಂಬವನ್ನು ಒಂದೇ ಕೋಣೆಯಲ್ಲಿ ತೆಗೆದು ನೋಡಿ, ಆಮೇಲೆ ಕೊಳ್ಳಿ.